ದ್ವೀಪದ ಕರಕುಶಲ ಶಾಲೆಗೆ ಎರಡು ವಾರ ಮೊದಲೇ ಹೋಗುತ್ತಿದ್ದೇನೆ. ಉಪಕರಣ ಜೋಡಿಸುವುದು ಮೊದಲೋ, ಸಾಮಗ್ರಿ ತರಿಸುವುದು ಮೊದಲೋ?

ಅಮೆರಿಕದ ಮೇನ್ ರಾಜ್ಯದ ದ್ವೀಪವೊಂದರ ಕರಕುಶಲ ಶಾಲೆಗೆ, ಕುಂಬಾರಿಕೆ ವಿಭಾಗದ ಸಹಾಯಕರಾಗಿ, ಬೇಸಿಗೆಯ ತರಗತಿಗಳಿಗೆ ಎರಡು ವಾರ ಮುನ್ನ ಹೊರಟಿದ್ದೀರಿ. ಅದೇ ಕರಾವಳಿಯ ಇನ್ನೊಂದು ದ್ವೀಪಕ್ಕೆ ನಾನು ಇದೇ ಕೆಲಸಕ್ಕೆ, ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಹೋಗಿದ್ದೆ. ನಾನು ಉಪಕರಣಗಳಿಂದ ಶುರುಮಾಡಿದೆ. ಐದು ದಿನ ತಿಗರಿಗಳನ್ನು ಒರೆಸಿ, ಕಪಾಟುಗಳಿಗೆ ಬಣ್ಣ ಬಳಿದು, ಪಾತ್ರೆಗಳಿಗೆ ಹೊಳಪು ಕೊಡುವ ಗ್ಲೇಜ್ ಲೇಪದ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದೆ. ಆರನೆಯ ದಿನ ಭಟ್ಟಿ ಹೊತ್ತಿಸಿದೆ.

ನಡೆದದ್ದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ನೀವು ಮತ್ತೆ ಮಾಡಬಾರದು. ನಮ್ಮ ಗ್ಯಾಸ್ ಭಟ್ಟಿ ಮೂರು ಕಡೆ ತೆರೆದ ಕೊಟ್ಟಿಗೆಯೊಂದರಲ್ಲಿತ್ತು. ಚಳಿಗಾಲದ ಬಿರುಗಾಳಿಗೆ ಚಾವಣಿಯ ತಗಡೊಂದು ಎದ್ದು, ಮಾರ್ಚ್‌ನಲ್ಲಿ ಹಿಮ ಕರಗಿದಾಗ ನೀರು ಒಳಗೆ ಗೋಡೆಗೆ ಒರಗಿಸಿಟ್ಟಿದ್ದ ಶೆಲ್ಫುಗಳ ಮೇಲೆ ವಾರಗಟ್ಟಲೆ ತೊಟ್ಟಿಕ್ಕಿತ್ತು. ಭಟ್ಟಿಯೊಳಗೆ ಪಾತ್ರೆಗಳನ್ನಿಡುವ ಈ ಸಿಲಿಕಾನ್ ಕಾರ್ಬೈಡ್ ಶೆಲ್ಫುಗಳು ಕಲ್ಲಿನಂತೆ ಕಾಣುತ್ತವೆ, ಆದರೆ ಅವುಗಳೊಳಗೆ ಸೂಕ್ಷ್ಮ ರಂಧ್ರಗಳಿರುತ್ತವೆ, ನೀರು ಹೀರಿಕೊಳ್ಳುತ್ತವೆ. ನಾನು ಬರುವ ಹೊತ್ತಿಗೆ ತಗಡನ್ನು ಯಾರೋ ಮತ್ತೆ ಬಡಿದು ಕೂರಿಸಿದ್ದರು, ಶೆಲ್ಫುಗಳ ಮೇಲ್ಮೈ ಒಣಗಿತ್ತು. ಅಂಗೈ ಇಟ್ಟು ನೋಡಿ ಒಣಗಿದೆ ಎಂದೇ ನಂಬಿದೆ. ಎತ್ತುವಾಗ ಒಂದೆರಡು ಹೆಚ್ಚು ಭಾರವೆನಿಸಿದ್ದು ಇಂದಿಗೂ ನೆನಪಿದೆ. ಅದನ್ನು ನನ್ನ ಆಯಾಸವೆಂದುಕೊಂಡೆ. ಆ ಭಾರ ನೀರಿನದಾಗಿತ್ತು.

ಗಂಟೆಗೆ 150 ಡಿಗ್ರಿಯಂತೆ ಶಾಖ ಏರಿಸಿದೆ. ನೂರು ಡಿಗ್ರಿ ದಾಟಿದ ಮೇಲೆ ಒಳಗಿನ ನೀರು ಆವಿಯಾಗುತ್ತದೆ, ಆವಿಯಾದ ನೀರಿಗೆ ಮೊದಲಿನ 1,600 ಪಟ್ಟಿಗೂ ಮಿಗಿಲಾದ ಜಾಗ ಬೇಕು, ಆ ರಂಧ್ರಗಳಲ್ಲಿ ಅಷ್ಟು ಜಾಗವೂ ಇಲ್ಲ, ಹೊರಬರಲು ನಾನು ಸಮಯವನ್ನೂ ಕೊಡಲಿಲ್ಲ. ಎರಡು ಗಂಟೆಯೊಳಗೆ ದಪ್ಪ ಬಾಗಿಲನ್ನು ಒದ್ದಂತಹ ಸದ್ದು ಕೇಳಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಕೆಳಗಿನ ಎರಡು ಶೆಲ್ಫುಗಳು ಸಿಡಿದು, ಮೇಲಿನದೆಲ್ಲ ಅವುಗಳ ಮೇಲೆ ಕುಸಿದಿತ್ತು. ಒಳಗಿದ್ದವು ಊರಿನ ಶಾಲೆಯ ಮಕ್ಕಳು ಚಳಿಗಾಲದಲ್ಲಿ ಮಾಡಿದ್ದ 40ಕ್ಕೂ ಹೆಚ್ಚು ಬಟ್ಟಲುಗಳು. ವರ್ಷದ ಮೊದಲ ಸುಡುವಿಕೆ ಆ ಮಕ್ಕಳದ್ದೆಂಬುದು ಅಲ್ಲಿನ ರೂಢಿ. ಬಟ್ಟಲೊಂದರ ಅಡಿ ಮಾತ್ರ ಇಡಿಯಾಗಿ ಉಳಿದಿತ್ತು, ಅದರಲ್ಲಿ ಮೊಳೆಯಿಂದ ಗೀಚಿದ ದೋಣಿಯ ಚಿತ್ರವಿತ್ತು.

ತಗಡು ಎದ್ದದ್ದು, ನೀರು ಸೋರಿದ್ದು ಒಬ್ಬರಿಗೆ ಗೊತ್ತಿತ್ತು. ಚಳಿಗಾಲವಿಡೀ ಶಾಲೆಯನ್ನು ನೋಡಿಕೊಂಡ, ಉಳಿದ ಕಾಲದಲ್ಲಿ ಲಾಬ್‌ಸ್ಟರ್ ಹಿಡಿಯುವ ಹಿರಿಯರು ಅವರು. ತಗಡನ್ನು ಮತ್ತೆ ಬಡಿದವರೂ ಅವರೇ. ಅವರ ಮನೆ ಶಾಲೆಯಿಂದ ಹತ್ತು ನಿಮಿಷದ ನಡಿಗೆ. ಐದು ದಿನಗಳಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ. ಆ ಸಂಜೆ ಹೋದಾಗ ಅವರು ಅಂಗಳದಲ್ಲಿ ಕೂತು ಲಾಬ್‌ಸ್ಟರ್ ಬೋನುಗಳ ಗುರುತಿಗೆ ಕಡಲಲ್ಲಿ ಬಿಡುವ ತೇಲುಬುರುಡೆಗಳಿಗೆ ಬಣ್ಣ ಹಚ್ಚುತ್ತಿದ್ದರು. ಅಲ್ಲಿ ಪ್ರತಿಯೊಬ್ಬ ಮೀನುಗಾರನಿಗೂ ತನ್ನದೇ ಬಣ್ಣದ ಗುರುತಿರುತ್ತದೆ. ನನ್ನ ಮಾತು ಮುಗಿಯುವವರೆಗೂ ಕೇಳಿ, "ನೀವು ಬಂದು ಕೇಳುತ್ತೀರಿ ಎಂದುಕೊಂಡಿದ್ದೆ" ಎಂದಷ್ಟೇ ಹೇಳಿದರು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಉಪಕರಣ, ಸಾಮಗ್ರಿ ಎರಡೂ ಆಮೇಲೆ. ಮೊದಲ ದಿನ ಚಳಿಗಾಲವನ್ನು ಅಲ್ಲೇ ಕಳೆದವರ ಮನೆಗೆ ಹೋಗಿ. ಯಾವ ಚಾವಣಿ ಸೋರಿತು, ಶರತ್ಕಾಲದಲ್ಲಿ ನೀರು ಬಸಿದಿಟ್ಟ ಕೊಳವೆಗಳಲ್ಲಿ ಯಾವುದು ಒಡೆದಿದೆ, ಇಲಿ ಎಲ್ಲಿ ಗೂಡು ಕಟ್ಟಿದೆ ಎಂಬುದನ್ನು ಅವರಲ್ಲದೆ ಯಾರೂ ಹೇಳಲಾರರು. ಇಂತಹ ಶಾಲೆಗಳು ದ್ವೀಪದ ನೆಲಕ್ಕೂ ಹವೆಗೂ ಒಗ್ಗಿಕೊಂಡೇ ನಿಂತಿವೆ. ಡಿಯರ್ ಐಲ್‌ನ ಹೇಸ್ಟ್ಯಾಕ್ ಶಾಲೆ 1950ರಲ್ಲಿ ಒಳನಾಡಿನಲ್ಲಿ ಆರಂಭವಾಗಿ, ಹೊಸ ಹೆದ್ದಾರಿಯ ಕಾರಣದಿಂದ 1961ರಲ್ಲಿ ದ್ವೀಪಕ್ಕೆ ಬಂದಾಗ, ವಾಸ್ತುಶಿಲ್ಪಿ ಎಡ್ವರ್ಡ್ ಲ್ಯಾರಬಿ ಬಾರ್ನ್ಸ್ ಗ್ರಾನೈಟ್ ಇಳಿಜಾರನ್ನು ಕಡಿಯದೆ, ಕಂಬಗಳ ಮೇಲೆ ಮರದ ಕಟ್ಟಡಗಳನ್ನು ಸಮುದ್ರದತ್ತ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಊರಿನ ಮಕ್ಕಳಿಗೆಂದು ಅಲ್ಲಿಯೂ ಪ್ರತ್ಯೇಕ ಕಾರ್ಯಕ್ರಮಗಳಿವೆ.

ಎರಡು ವಾರ ಸಾಕೇ ಎಂದೂ ಕೇಳಿದ್ದೀರಿ. ಸಾಲದು. ಮೇ, ಜೂನ್ ತಿಂಗಳುಗಳು ದ್ವೀಪದವರಿಗೂ ದುಡಿಮೆಯ ಕಾಲ: ನೀರು ಬೆಚ್ಚಗಾದಂತೆ ಲಾಬ್‌ಸ್ಟರ್‌ಗಳು ದಡದತ್ತ ಬರುತ್ತವೆ, ಬೋನುಗಳು ಕಡಲಿಗಿಳಿಯುತ್ತವೆ, ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲರೂ ಬೇಸಿಗೆಯ ಮನೆಗಳನ್ನು ತೆರೆಯುವುದರಲ್ಲಿ ಮುಳುಗಿರುತ್ತಾರೆ. ಈಗಲೇ ಫೋನ್ ಮಾಡಿ. ನೀವು ಹೋಗುವಲ್ಲಿಗೆ ಸೇತುವೆಯಿದೆಯೇ ಎಂದು ಬರೆದಿಲ್ಲ. ಡಿಯರ್ ಐಲ್‌ಗೆ 1939ರಿಂದಲೂ ಸೇತುವೆಯಿದೆ. ನಮ್ಮದಕ್ಕೆ ಫೆರ್ರಿ ಮಾತ್ರವಿದ್ದುದರಿಂದ ಹೊಸ ಶೆಲ್ಫುಗಳು ಬರಲು ಮೂರು ವಾರ ಹಿಡಿಯಿತು, ಮೊದಲ ತಂಡದ ವಿದ್ಯಾರ್ಥಿಗಳು ಒಂದೇ ಸಣ್ಣ ವಿದ್ಯುತ್ ಭಟ್ಟಿಯ ಮುಂದೆ ಸರದಿ ಕಾಯಬೇಕಾಯಿತು.

ಭಟ್ಟಿಯನ್ನಂತೂ ಹೀಗೆ ಹೊತ್ತಿಸಿ. ಮೊದಲ ಸಲ ಯಾರ ಪಾತ್ರೆಯನ್ನೂ ಇಡಬೇಡಿ, ಖಾಲಿ ಶೆಲ್ಫುಗಳನ್ನಷ್ಟೇ ಇಡಿ. ಒಂದೇ ಬರ್ನರನ್ನು ಸಣ್ಣಗೆ ಉರಿಸಿ, ಹೊಗೆದಾರಿ ತೆರೆದಿಟ್ಟು, ಇಡೀ ರಾತ್ರಿ 90 ಡಿಗ್ರಿ ದಾಟದಂತೆ ಬಿಡಿ. ಗ್ಯಾಸ್ ಉರಿಯುತ್ತಿರುವಾಗ ಯಾರಾದರೂ ಕಾವಲಿರಲೇಬೇಕು. ಬೆಳಿಗ್ಗೆ ನೋಡುಗಂಡಿಯ ಮುಂದೆ ತಣ್ಣನೆಯ ಗಾಜಿನ ತುಂಡನ್ನು ಹಿಡಿಯಿರಿ. ಅದರ ಮೇಲೆ ಮಂಜು ಕಟ್ಟಿದರೆ ನೀರು ಇನ್ನೂ ಒಳಗಿದೆ ಎಂದರ್ಥ. ಗಾಜು ತಿಳಿಯಾಗಿ ಉಳಿಯುವವರೆಗೂ, ಎರಡನೆಯ ರಾತ್ರಿಯಾದರೂ ಸರಿ, ಉರಿ ಏರಿಸಬೇಡಿ. ಮುಂದಿನ ವಸಂತದಲ್ಲಿ ನಾನು ಹಾಗೆಯೇ ಮಾಡಿದೆ. ಆ ರಾತ್ರಿ ಗಾಜಿನ ತುಂಡು ಹಿಡಿದು ನನ್ನೊಡನೆ ಕೂತಿದ್ದವರು ಆ ಹಿರಿಯರು. ಮಕ್ಕಳ ಬಟ್ಟಲುಗಳನ್ನು ಮೂರನೆಯ ದಿನ ಒಳಗಿಟ್ಟೆವು.