ಬೀಗ ತೆಗೆಯುವ ಮೊದಲೇ ಡಿಪಾಜಿಟ್ ಕೇಳಿದರೆ

ಪ್ರಶ್ನೆ: ನನ್ನ ಮಗಳಿಗೆ ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸೀಟು ದೊರೆತಿದೆ. ಆನ್‌ಲೈನ್ ಜಾಹೀರಾತು ನೋಡಿ ಟಿಳಕವಾಡಿಯಲ್ಲಿ ಕಡಿಮೆ ಬಾಡಿಗೆಯ ಕೋಣೆಯೊಂದನ್ನು ಗೊತ್ತುಮಾಡಿದೆವು. ಮಾಲೀಕರು ತಾವು ಸೇನೆಯಲ್ಲಿದ್ದು ಅಸ್ಸಾಮಿಗೆ ವರ್ಗವಾಗಿರುವುದಾಗಿ ಹೇಳಿ, ಗುರುತಿನ ಚೀಟಿಯ ಫೋಟೋ ಕಳುಹಿಸಿದ್ದಾರೆ. ಮುಂಗಡವಾಗಿ 2,000 ರೂಪಾಯಿ ಕೊಟ್ಟಿದ್ದೇವೆ. ಈಗ 18,000 ರೂಪಾಯಿ ಡಿಪಾಜಿಟ್ ಮತ್ತು ಮಗಳ ಆಧಾರ್ ಪ್ರತಿ ಕೇಳುತ್ತಿದ್ದಾರೆ. ಕೀಲಿಯನ್ನು ಕೊರಿಯರ್ ಮಾಡುತ್ತಾರಂತೆ. ಕಳುಹಿಸಬಹುದೆ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಹಣವನ್ನೂ ಕಳುಹಿಸಬೇಡಿ, ಆಧಾರ್ ಪ್ರತಿಯನ್ನೂ ಕಳುಹಿಸಬೇಡಿ. ಇದನ್ನು ನಿಮಗೆ ಆಗಲೇ ಫೋನಿನಲ್ಲಿ ತಿಳಿಸಿದ್ದೇವೆ. ಪ್ರವೇಶದ ದಿನಗಳಲ್ಲಿ ಬೇರೆ ಪಾಲಕರೂ ಇದೇ ಬಲೆಗೆ ಬೀಳಬಾರದೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಕೈಬಿಟ್ಟುಹೋದ ಹಣದ ಮಾತು. ಇಂಥ ಸಂದರ್ಭದಲ್ಲಿ ತಡಮಾಡದೆ ಸೈಬರ್ ವಂಚನೆಯ ದೂರು ಪಡೆಯುವ 1930 ಸಹಾಯವಾಣಿಗೆ ಕರೆ ಮಾಡಿ, ಯುಪಿಐ ಪಾವತಿಯ 12 ಅಂಕಿಗಳ ಉಲ್ಲೇಖ ಸಂಖ್ಯೆಯನ್ನು ಕೊಟ್ಟು ದೂರು ದಾಖಲಿಸಬೇಕು. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಜಾರುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಆರಂಭದ ಕೆಲವು ಗಂಟೆಗಳಲ್ಲಿ ಮಾತ್ರ. ನಿಮ್ಮ ಬ್ಯಾಂಕಿಗೂ ತಿಳಿಸಿರಿ. ವಾಟ್ಸ್‌ಆ್ಯಪ್ ಸಂಭಾಷಣೆಯನ್ನು ಸಿಟ್ಟಿನಲ್ಲಿ ಅಳಿಸಬೇಡಿ, ಅದೇ ಸಾಕ್ಷಿ. ಮುಂಗಡವನ್ನು ಮರಳಿಸುತ್ತೇನೆಂದು ಆತ ಕ್ಯೂಆರ್ ಕೋಡ್ ಕಳುಹಿಸಿದರೆ ಅದನ್ನು ಸ್ಕ್ಯಾನ್ ಮಾಡಬೇಡಿ. ಹಣ ಪಡೆಯುವುದಕ್ಕೆ ಸ್ಕ್ಯಾನ್ ಆಗಲಿ, ಪಿನ್ ಆಗಲಿ ಬೇಕಾಗುವುದಿಲ್ಲ.

ನೀವು ಕಳುಹಿಸಿದ ಕೋಣೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದೆವು. ಕಿಟಕಿಯ ಪಕ್ಕದ ಮೊಳೆಗೆ ತೂಗುಬಿದ್ದ ಕ್ಯಾಲೆಂಡರ್ 2019ನೆಯ ಇಸವಿಯದು. ಹೋದ ತಿಂಗಳಷ್ಟೇ ಬಣ್ಣ ಹಚ್ಚಿಸಿದ್ದೇವೆಂದು ಜಾಹೀರಾತಿನಲ್ಲಿ ಬರೆದ ಕೋಣೆಗೆ ಆ ಕ್ಯಾಲೆಂಡರ್ ಎಲ್ಲಿಂದ ಬಂತು? ಇಂಥ ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹುಡುಕಿದರೆ, ಅದೇ ಮಂಚ, ಅದೇ ಪರದೆ ಬೇರೊಂದು ಊರಿನ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವುದುಂಟು.

ಸೇನೆಯ ಕಥೆ ಬೆಳಗಾವಿಯಲ್ಲಿ ಸುಲಭವಾಗಿ ನಡೆಯುತ್ತದೆ. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರವಿರುವ ಊರಿನಲ್ಲಿ ಸಮವಸ್ತ್ರದವರನ್ನು ಯಾರೂ ಅನುಮಾನಿಸುವುದಿಲ್ಲ, ಮಾಲೀಕರು ಎದುರಿಗೆ ಬಾರದಿರುವುದಕ್ಕೂ ವರ್ಗಾವಣೆ ಒಂದು ಒಪ್ಪುವ ಕಾರಣವಾಗುತ್ತದೆ. ಚೀಟಿಯಲ್ಲಿರುವ ಮುಖ, ಹೆಸರು ನಿಜವಾದ ಯೋಧರದೇ ಇರಬಹುದು. ನಿಮ್ಮೊಡನೆ ಮಾತನಾಡುತ್ತಿರುವವರು ಅವರೇ ಎನ್ನುವುದಕ್ಕೆ ಅದು ಆಧಾರವಲ್ಲ. ನಾಳೆ ನಿಮ್ಮ ಮಗಳ ಆಧಾರ್ ಪ್ರತಿಯೂ ಹೀಗೆಯೇ ಮತ್ತೊಬ್ಬರನ್ನು ನಂಬಿಸುವ ಚೀಟಿಯಾದೀತು. ನಿಜವಾದ ಮಾಲೀಕರು ಕೇಳಿದಾಗಲೂ, ಅವರು ಒಪ್ಪುವುದಾದರೆ, ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ತೋರಿಸುವ ಮುಸುಕಿನ (ಮಾಸ್ಕ್ಡ್) ಆಧಾರ್ ಕೊಡುವುದು ಲೇಸು.

ಇನ್ನು ಕೋಣೆ ಹುಡುಕುವ ಬಗೆ. ಜಮಖಂಡಿಯಿಂದ ಬಂದು ಹೋಗಲು ಒಂದು ದಿನ ಹಿಡಿಯುತ್ತದೆ ಎಂಬುದು ನಿಜ, ಆದರೆ ಆ ಒಂದು ದಿನವನ್ನು ಉಳಿಸಹೋಗಿಯೇ ಹೆಚ್ಚಿನವರು ಮೋಸ ಹೋಗುತ್ತಾರೆ. ಕಾಲೇಜಿನ ವಸತಿನಿಲಯವನ್ನೂ ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿನಿಲಯಗಳನ್ನೂ ಮೊದಲು ವಿಚಾರಿಸಿರಿ. ಹೊರಗೆ ಕೋಣೆ ಹಿಡಿಯುವುದಾದರೆ ಆ ಓಣಿಯ ಕಿರಾಣಿ ಅಂಗಡಿಯವರನ್ನು, ಹುಡುಗಿಯರು ಊಟಕ್ಕೆ ಹೋಗುವ ಖಾನಾವಳಿಯವರನ್ನು ಕೇಳಿರಿ. ಯಾವ ಮನೆ ಯಾರದು, ಯಾರು ಡಿಪಾಜಿಟ್ ಮರಳಿಸಲು ಸತಾಯಿಸುತ್ತಾರೆ ಎಂಬುದು ಏಜೆಂಟರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಕೋಣೆಯನ್ನು ಕಣ್ಣಾರೆ ನೋಡಿದ ಮೇಲೂ ಆತುರ ಬೇಡ. ತಾನೇ ಬಾಡಿಗೆಗೆ ಹಿಡಿದ ಮನೆಯ ಕೀಲಿ ತೋರಿಸಿ ನಾಲ್ಕೈದು ಜನರಿಂದ ಮುಂಗಡ ಪಡೆದು ಓಡಿಹೋಗುವವರೂ ಇದ್ದಾರೆ. ಹೆಸ್ಕಾಂ ವಿದ್ಯುತ್ ಬಿಲ್ಲು ಮತ್ತು ಮಹಾನಗರ ಪಾಲಿಕೆಯ ಆಸ್ತಿ ತೆರಿಗೆ ರಸೀದಿಯಲ್ಲಿರುವ ಹೆಸರನ್ನು ಮಾಲೀಕರ ಗುರುತಿನ ಚೀಟಿಯೊಡನೆ ತಾಳೆ ನೋಡಿರಿ. ಬಿಲ್ಲು ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿರುವುದು ನಮ್ಮ ಕಡೆ ಅಪರೂಪವಲ್ಲ. ಹಾಗಿದ್ದರೆ ನೆರೆಮನೆಯವರ ಒಂದು ಮಾತು ಸಂಶಯ ನೀಗಿಸುತ್ತದೆ. ಡಿಪಾಜಿಟ್ಟನ್ನು ಯುಪಿಐ ಮೂಲಕ ಕೊಡುವಾಗ ಪಿನ್ ಒತ್ತುವ ಮುನ್ನ ಪರದೆಯ ಮೇಲೆ ಮೂಡುವ ಖಾತೆದಾರರ ಹೆಸರೂ ಅದೇ ಆಗಿರಲಿ.

ಕರಾರುಪತ್ರವನ್ನು ಸಾಮಾನ್ಯವಾಗಿ 11 ತಿಂಗಳಿಗೆ ಮಾಡುವುದು ವಾಡಿಕೆ, ಏಕೆಂದರೆ ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ. ಡಿಪಾಜಿಟ್ಟಿನ ಮೊತ್ತ, ಬಿಡುವಾಗ ಎಷ್ಟು ಮುಂಚೆ ತಿಳಿಸಬೇಕು, ಸುಣ್ಣಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಅದರಲ್ಲೇ ಬರೆಯಿಸಿ, ಸಹಿ, ಹಣ, ಕೀಲಿ ಮೂರನ್ನೂ ಒಂದೇ ಕೂಟದಲ್ಲಿ ಮುಗಿಸಿರಿ.