ಸೌನಾ ಕೋಣೆ ಹುಟ್ಟುವ ಬಗೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಫಿನ್‌ಲೆಂಡ್‌ನಲ್ಲಿ ಮನೆಗೆಂದು ಮಾರುವ ಸೌನಾ (ಬಿಸಿಕಲ್ಲಿನ ಮೇಲೆ ನೀರು ಹೊಯ್ದು ಹಬೆಯಲ್ಲಿ ಕೂರುವ) ಕೋಣೆಯ ಗೋಡೆಗಳು ಕಾರ್ಖಾನೆಯಿಂದಲೇ ಸಿದ್ಧವಾಗಿ ಬರುತ್ತವಂತೆ. ಗೋಡೆಯೆಂದರೆ ಬರೀ ಮರದ ಹಲಗೆಯೆ?

ಉತ್ತರ: ಹಲಗೆ ಕಣ್ಣಿಗೆ ಕಾಣುವ ಭಾಗ, ಅಷ್ಟೇ. ಸುಮಾರು 55 ಲಕ್ಷ ಜನರಿಗೆ 30 ಲಕ್ಷದಷ್ಟು ಸೌನಾಗಳಿರುವ ದೇಶವದು. ಗೋಡೆಯಲ್ಲಿ ಯಾವುದರ ಹಿಂದೆ ಯಾವುದು ಎಂಬುದು ಅಲ್ಲಿ ಎಂದೋ ಇತ್ಯರ್ಥವಾಗಿದೆ. ಹೊರಗಿನಿಂದ ಒಳಕ್ಕೆ ಬಂದರೆ ಮೊದಲು ಮರದ ಚೌಕಟ್ಟು, ಅದರ ನಡುವೆ 50ರಿಂದ 100 ಮಿ.ಮೀ. ರಾಕ್‌ವೂಲ್ (ಕಲ್ಲು ಕರಗಿಸಿ ಎಳೆದ, ಶಾಖ ತಡೆಯುವ ಉಣ್ಣೆಯಂಥ ವಸ್ತು), ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ಬಳಿಕ ರೀಪು ಹೊಡೆದು ಬಿಟ್ಟ ಸುಮಾರು 20 ಮಿ.ಮೀ. ಗಾಳಿಸಂದು, ಕೊನೆಗೆ 12–15 ಮಿ.ಮೀ. ದಪ್ಪದ ಒಳಹಲಗೆ. ಬಾಗಿಲು 8 ಮಿ.ಮೀ. ಟೆಂಪರ್ಡ್ ಗಾಜಿನದು. ಅದು ಹೊರಕ್ಕೇ ತೆರೆಯಬೇಕು, ಚಿಲಕ ಇರಕೂಡದು. ಒಳಗಿದ್ದವರಿಗೆ ತಲೆ ಸುತ್ತಿದರೆ ಮೈಭಾರಕ್ಕೇ ತೆರೆದುಕೊಳ್ಳಲಿ ಎಂದು ಈ ಏರ್ಪಾಡು.

ಕೆಡುವುದು ಹೆಚ್ಚಾಗಿ ಅಲ್ಯೂಮಿನಿಯಂ ಹಾಳೆಯ ಬಳಿ. ಹಾಳೆಗಳು ಕೂಡುವಲ್ಲಿ ಟೇಪು ಹಚ್ಚದೆ ಬಿಟ್ಟರೆ, ಬಿಸಿಕಲ್ಲಿನ ಮೇಲೆ ನೀರು ಹೊಯ್ದಾಗ ಏಳುವ ಹಬೆ ಆ ಸಂದಿನಿಂದ ನುಸುಳಿ ರಾಕ್‌ವೂಲ್‌ನೊಳಗೆ ತಣಿದು ನೀರಾಗುತ್ತದೆ. ಒದ್ದೆಯಾದ ರಾಕ್‌ವೂಲ್ ಶಾಖ ತಡೆಯದು, ಚೌಕಟ್ಟು ಕೊಳೆಯತೊಡಗುತ್ತದೆ. ಒಳಹಲಗೆ ಮಾತ್ರ ವರ್ಷಗಟ್ಟಲೆ ಏನೂ ಆಗದಂತೆ ನಗುತ್ತಿರುತ್ತದೆ! ಅಗ್ಗವೆಂದು ರಾಕ್‌ವೂಲ್ ಬದಲು ಥರ್ಮೋಕೋಲ್ ತುಂಬಿದ ಗೋಡೆಯಾದರೆ ಬೇಡವೇ ಬೇಡ. ಚಾವಣಿಯ ಬಳಿಯ ಶಾಖಕ್ಕೆ ಅದು ಮೆತ್ತಗಾಗಿ ಕುಸಿಯುತ್ತದೆ.

ಪ್ರಶ್ನೆ: ಥರ್ಮೋವುಡ್ ಎಂದರೆ ಸುಟ್ಟ ಮರವೆ? ಎಲ್ಲ ಮರವೂ ಸೌನಾಕ್ಕೆ ಆಗದೇಕೆ?

ಉತ್ತರ: ಸುಡುವುದಿಲ್ಲ, ಬೇಯಿಸುತ್ತಾರೆ ಎನ್ನಿ. ಸ್ಪ್ರೂಸ್, ಪೈನ್, ಆಸ್ಪೆನ್ ಮುಂತಾದ ಹಲಗೆಗಳನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮೊದಲು ಸುಮಾರು 130 ಡಿಗ್ರಿವರೆಗೆ ಕಾಯಿಸಿ ತೇವವನ್ನೆಲ್ಲ ಹೊರಹಾಕುತ್ತಾರೆ. ಬಳಿಕ 185ರಿಂದ 215 ಡಿಗ್ರಿಯಲ್ಲಿ ಎರಡು ಮೂರು ತಾಸು ಇಡುತ್ತಾರೆ. ಬೆಂಕಿ ಹತ್ತದಂತೆ ಕಾಯುವುದು ಕೋಣೆಯಲ್ಲಿ ತುಂಬಿದ ಹಬೆ. ಕೊನೆಗೆ ನೀರು ಸಿಂಪಡಿಸಿ ತಣಿಸುತ್ತ ತೇವಾಂಶವನ್ನು ಮತ್ತೆ 4–7 ಶೇಕಡಾಕ್ಕೆ ತರುತ್ತಾರೆ. ಈ ಕೊನೆಯ ಹಂತದಲ್ಲಿ ಆತುರಪಟ್ಟರೆ ಹಲಗೆ ಒಳಗೊಳಗೇ ಬಿರುಕು ಬಿಡುತ್ತದೆ.

ಮರದಲ್ಲಿ ನೀರು ಹೀರುವ ಹೆಮಿಸೆಲ್ಯುಲೋಸ್ ಎಂಬ ಅಂಶ ಈ ಶಾಖಕ್ಕೆ ಒಡೆದುಹೋಗುವುದರಿಂದ ಹಲಗೆ ಉಬ್ಬುವುದು, ಕುಗ್ಗುವುದು ಕಡಿಮೆ. ಅದಕ್ಕೆ ತೆರುವ ಬೆಲೆಯೂ ಉಂಟು: ಮರ ಪೆಡಸಾಗುತ್ತದೆ, ರಂಧ್ರ ಕೊರೆಯದೆ ತುದಿಗೆ ಸ್ಕ್ರೂ ಹಾಕಿದರೆ ಸೀಳುತ್ತದೆ.

ಕೂರುವ ಮಣೆಗೆ ಆಸ್ಪೆನ್, ಆಲ್ಡರ್, ಇಲ್ಲವೇ ಪಶ್ಚಿಮ ಆಫ್ರಿಕಾದ ಅಬಾಚಿ ಬಳಸುವುದು ಅವು ಹಗುರ, ಶಾಖವನ್ನು ಚರ್ಮಕ್ಕೆ ಬೇಗ ದಾಟಿಸವು, ರಾಳ ಸುರಿಸವು ಎಂದು. ಸಾಮಾನ್ಯ ಪೈನ್ ಮಣೆಯ ಗಂಟಿನಿಂದ ಜಿನುಗುವ ಬಿಸಿ ರಾಳ ತೊಡೆಗೆ ತಗುಲಿದರೆ ಕಾರಣ ಕೇಳಬೇಕಾಗಿಲ್ಲ. ಸ್ಕ್ರೂಗಳನ್ನು ಮಣೆಯ ಅಡಿಯಿಂದಲೇ ಹಾಕುತ್ತಾರೆ. ಮೇಲೆ ತಲೆ ಎತ್ತಿದ ಲೋಹವೂ ಹಾಗೇ ಸುಡುತ್ತದೆ.

ಪ್ರಶ್ನೆ: ಹೊಸ ವಿದ್ಯುತ್ ಒಲೆ ಹಾಕಿದ ದಿನವೇ ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ ಬೀಳುತ್ತಿದೆ. ತಯಾರಿಕೆಯ ದೋಷವೆ?

ಉತ್ತರ: ಬಹುಮಟ್ಟಿಗೆ ದೋಷವಲ್ಲ, ದಾಸ್ತಾನಿನಲ್ಲಿ ಹೀರಿದ ತೇವ. ಕಾಯಿಸುವ ಎಲಿಮೆಂಟ್ ಮಾಡುವುದು ಹೀಗೆ: ಸ್ಟೀಲ್ ಕೊಳವೆಯ ನಡುವೆ ಸುರುಳಿ ಸುತ್ತಿದ ನೈಕ್ರೋಮ್ ತಂತಿ ಇರಿಸಿ, ಸುತ್ತಲೂ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿ, ಕೊಳವೆಯನ್ನು ಒತ್ತಿ ಸಣ್ಣಗೆ ಮಾಡುತ್ತಾರೆ. ಪುಡಿ ಗಟ್ಟಿಯಾಗಿ ಅಡಕವಾಗುತ್ತದೆ: ಶಾಖ ದಾಟುತ್ತದೆ, ವಿದ್ಯುತ್ ದಾಟದು. ಆದರೆ ಆ ಪುಡಿಗೆ ತೇವದ ಚಾಪಲ್ಯ. ತುದಿಯ ಸೀಲ್ ಎಷ್ಟೇ ಚೆನ್ನಾಗಿದ್ದರೂ ತಿಂಗಳುಗಟ್ಟಲೆ ಹಡಗು, ಗೋದಾಮುಗಳಲ್ಲಿ ಕುಳಿತರೆ ಒಂದಿಷ್ಟು ಒಳಸೇರುತ್ತದೆ. ಕೆಲವು ಸಲ ಕಾಯಿಸಿದರೆ ಆರುತ್ತದೆ. ಆ ಕಾಯಿಸುವಿಕೆ ನೀವೇ ಮಾಡುವ ಪ್ರಯೋಗವಲ್ಲ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮೆಗ್ಗರ್ ಎಂಬ ಮಾಪಕ ಹಿಡಿದು ಇನ್ಸುಲೇಶನ್ ಅಳೆದ ಮೇಲೆ, ಒಳಗೆ ಯಾರೂ ಇಲ್ಲದಾಗ ನಡೆಯಲಿ. ಆಮೇಲೂ ಬೀಳುತ್ತಿದ್ದರೆ ಎಲಿಮೆಂಟ್ ಬದಲಿಸಬೇಕು.

ಒಲೆಯಲ್ಲಿ ಕಲ್ಲು ಜೋಡಿಸುವಾಗಲೂ ಎಚ್ಚರ. 5–10 ಸೆಂ.ಮೀ. ಗಾತ್ರದ ಪೆರಿಡೊಟೈಟ್ ಅಥವಾ ಆಲಿವಿನ್ ಡಯಾಬೇಸ್ ಕಲ್ಲುಗಳನ್ನು ಸಡಿಲವಾಗಿ ಇಡಿ. ಬಿಗಿದು ತುರುಕಿದರೆ ಗಾಳಿ ಆಡದೆ ಎಲಿಮೆಂಟ್ ಕೆಂಪಾಗಿ ಬಾಗುತ್ತದೆ. ವರ್ಷಕ್ಕೊಮ್ಮೆ ಎಲ್ಲವನ್ನೂ ತೆಗೆದು, ಪುಡಿಯಾದವನ್ನು ಎಸೆದು, ಮತ್ತೆ ಜೋಡಿಸಿ.

ಪ್ರಶ್ನೆ: ಎಷ್ಟು ಕಿಲೋವ್ಯಾಟ್ ಒಲೆ ಬೇಕು?

ಉತ್ತರ: ಘನಮೀಟರಿಗೆ ಸುಮಾರು ಒಂದು ಕಿಲೋವ್ಯಾಟ್. ಗಾಜು, ಟೈಲ್ಸ್, ಕಾಂಕ್ರೀಟ್‌ನಂಥ ಶಾಖನಿರೋಧವಿಲ್ಲದ ಮೈ ಇದ್ದರೆ ಪ್ರತಿ ಚದರ ಮೀಟರಿಗೂ 1.2 ಘನಮೀಟರ್ ಸೇರಿಸಿ ಲೆಕ್ಕ ಹಾಕಿ. 2 × 1.8 × 2.1 ಮೀಟರ್ ಕೋಣೆ ಸುಮಾರು 7.6 ಘನಮೀಟರ್. 1.3 ಚದರ ಮೀಟರ್ ಗಾಜಿನ ಬಾಗಿಲು ಇದ್ದರೆ ಸುಮಾರು 9.1 ಆಯಿತು, 9 ಕಿಲೋವ್ಯಾಟ್ ಒಲೆ, ಅಂದರೆ ತ್ರೀ ಫೇಸ್ ಸಂಪರ್ಕ. 6ರದ್ದು ಹಾಕಿದರೆ ಗಂಟೆಗಟ್ಟಲೆ ಕಾದರೂ ಕಲ್ಲು ಬಿಸಿಯೇರದು, ಹೊಯ್ದ ನೀರು ಹಬೆಯಾಗದೆ ಕೆಳಗೆ ಸುರಿಯುತ್ತದೆ.

ಪ್ರಶ್ನೆ: ಎಸ್ಟೋನಿಯಾದಿಂದ ಬಂದ ಪೀಪಾಯಿ ಸೌನಾ ಜೋಡಿಸಿದ ಮೇಲೆ ಹಲಗೆಗಳ ನಡುವೆ ಬೆಳಕು ಕಾಣುತ್ತಿದೆ. ಸಿಲಿಕೋನ್ ತುಂಬಬಹುದೆ?

ಉತ್ತರ: ಬೇಡ. ಪೀಪಾಯಿಗೆ ಮೊಳೆಯ ಆಸರೆಯಿಲ್ಲ. ಸುಮಾರು 40 ಮಿ.ಮೀ. ದಪ್ಪದ ಹಲಗೆಯ ಒಂದು ಅಂಚನ್ನು ಉಬ್ಬಾಗಿ, ಇನ್ನೊಂದನ್ನು ತಗ್ಗಾಗಿ ಕೆತ್ತಿ, ಒಂದರೊಳಗೊಂದು ಕೂರಿಸಿ, ಸುತ್ತ ಸ್ಟೇನ್‌ಲೆಸ್ ಪಟ್ಟಿ ಬಿಗಿಯುತ್ತಾರೆ. ಒಣಹವೆಯಲ್ಲಿ ಮರ ಕುಗ್ಗಿ ಸಂದು ಬಿಡುತ್ತದೆ, ತೇವದಲ್ಲಿ ಉಬ್ಬಿ ಮುಚ್ಚುತ್ತದೆ. ಸಿಲಿಕೋನ್ ತುಂಬಿದರೆ ಉಬ್ಬುವ ಮರಕ್ಕೆ ಜಾಗವಿಲ್ಲದೆ ಅಂಚು ಒಡೆಯುತ್ತದೆ. ಪಟ್ಟಿಯ ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ, ಅರ್ಧರ್ಧ ಸುತ್ತು ಬಿಗಿಯುತ್ತ ಬನ್ನಿ. ಒಂದನ್ನೇ ಪೂರ್ತಿ ಬಿಗಿದರೆ ಪೀಪಾಯಿ ಸೊಟ್ಟಗಾಗುತ್ತದೆ. ಕೆಲವು ಸಲ ಕಾಯಿಸಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಮಳೆ ಹಿಡಿಯುವ ಹೊತ್ತಿಗೆ ಪಟ್ಟಿ ಮರವನ್ನು ಕಚ್ಚುತ್ತಿದೆ ಅನ್ನಿಸಿದರೆ ತುಸು ಸಡಿಲಿಸಿ.