'ಅದು ಇರಲಿ' ಅಂದಿರಲ್ಲ, ಅದನ್ನೇ ಹಿಡಿದುಕೊಳ್ಳೋಣ

ತುಮಕೂರು ಕಡೆಯ 47ರ ಗೃಹಿಣಿಯೊಬ್ಬರ ಪತ್ರ. ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿದೆ. 21 ದಿನಕ್ಕೊಂದರಂತೆ ಕೆಂಪು ಔಷಧಿಯ ಕೀಮೋ ನಾಲ್ಕು ಸಲ ಮುಗಿದು, ವಾರಕ್ಕೊಮ್ಮೆ ಕೊಡುವುದು ಇನ್ನು ಶುರುವಾಗಬೇಕು. ದಿನವಿಡೀ ಸುಸ್ತು. 'ಮಲಗಿದಷ್ಟೂ ಮೈ ಜಡ' ಅಂತ ಅತ್ತೆ ಗೊಣಗುತ್ತಾರೆ. 'ಪಾಪ, ನೀನು ಏಳಲೇಬೇಡ' ಅಂತ ಹುಬ್ಬಳ್ಳಿಯ ಅಕ್ಕ ದಿನಾ ಫೋನ್ ಮಾಡುತ್ತಾಳೆ. 'ನಾನು ಸೋಮಾರಿಯಾ, ನೀವೇ ಹೇಳಿ' ಎಂಬುದು ಪ್ರಶ್ನೆ. ಮೂರು ಪುಟದಲ್ಲಿ ಎರಡೂವರೆ ಪುಟ ಅತ್ತೆಯ ಮೇಲಿನ ದೂರು.

ಸೋಮಾರಿ ಅಲ್ಲ. ಆ ಪ್ರಶ್ನೆ ಅಲ್ಲಿಗೆ ಮುಗಿಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೇ ಪುಟದ ಈ ಸಾಲು: 'ಬಟ್ಟೆ ಒಣಹಾಕಲು ಮಹಡಿಗೆ ಹೋಗುವಾಗ ಎದೆ ಡವಡವ ಅಂತ ಮಧ್ಯದಲ್ಲೇ ಕೂತುಬಿಡುತ್ತೇನೆ, ಅದು ಇರಲಿ.'

ಅದು ಇರಬಾರದು, ತಾಯಿ.

ಕ್ಯಾನ್ಸರಿನ ಸುಸ್ತು ನಿದ್ದೆ ಮಾಡಿದರೂ ಹೋಗುವುದಿಲ್ಲ, ಮಾಡಿದ ಕೆಲಸದ ಲೆಕ್ಕಕ್ಕೂ ಸಿಗುವುದಿಲ್ಲ. ಆದರೂ ಕೀಮೋ ಸುಸ್ತಿಗೆ ಒಂದು ನಡಿಗೆ ಇರುತ್ತದೆ. ಕೀಮೋ ಜೊತೆ ಕೊಡುವ ಸ್ಟೀರಾಯ್ಡ್ ಇಳಿದ ಎರಡು ಮೂರು ದಿನಕ್ಕೆ ಮೈ ನೆಲ ಹಿಡಿಯುತ್ತದೆ, ಮುಂದಿನ ಡೋಸ್ ಹತ್ತಿರವಾಗುವ ಹೊತ್ತಿಗೆ ಸಾಮಾನ್ಯವಾಗಿ ಸ್ವಲ್ಪ ಏಳುತ್ತದೆ. ನಿಮ್ಮದು ಏಳುತ್ತಿಲ್ಲ, ಸಲದಿಂದ ಸಲಕ್ಕೆ ಸುಸ್ತು ಜಾಸ್ತಿಯಾಗುತ್ತಿದೆ, ಜೊತೆಗೆ ಎದೆ ಹೊಡೆದುಕೊಳ್ಳುತ್ತಿದೆ. ಮೊದಲ ಅನುಮಾನ ಹಿಮೋಗ್ಲೋಬಿನ್ ಮೇಲೆ. ಕೀಮೋ ರಕ್ತ ತಯಾರಿಸುವ ಮೂಳೆ ಮಜ್ಜೆಯನ್ನೂ ಬಡಿಯುತ್ತದೆ, ಕೆಂಪು ರಕ್ತಕಣ ಸಾಲದಾಗುತ್ತದೆ. ಹೆಂಗಸರಿಗೆ 12 ಗ್ರಾಂ ಇರಬೇಕಾದದ್ದು ಎಂಟಕ್ಕೆ ಇಳಿದರೆ ಹತ್ತು ಮೆಟ್ಟಿಲು ಬೆಟ್ಟವಾಗುತ್ತದೆ. ಎರಡನೆಯದು, ಆ ಕೆಂಪು ಔಷಧಿ ಕೆಲವರಲ್ಲಿ ಹೃದಯದ ಸ್ನಾಯುವಿಗೂ ತಾಗುತ್ತದೆ. ಶುರುವಿಗೆ ಮುಂಚೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದ್ದು ಅದಕ್ಕೇ. ಪಾದ ಊದಿದರೆ, ಅಂಗಾತ ಮಲಗಿದರೆ ಉಸಿರು ಕಟ್ಟಿದರೆ, ಕೂತಲ್ಲೇ ಏದುಸಿರು ಬಂದರೆ, ಎದೆ ನೋವು ಬಂದರೆ ಆ ಕ್ಷಣವೇ ಆಸ್ಪತ್ರೆ. 100.4 ಡಿಗ್ರಿ ಜ್ವರ ಬಂದರೂ ಅಷ್ಟೇ, ಅದು ಮಲಗಿ ಕಳೆಯುವ ಸುಸ್ತಲ್ಲ.

ಇಷ್ಟು ದಿನ ಇದು ಡಾಕ್ಟರಿಗೆ ಯಾಕೆ ಗೊತ್ತಾಗಲಿಲ್ಲ? ಉತ್ತರ ನೀವೇ ಬರೆದಿದ್ದೀರಿ: 'ಅಲ್ಲಿ ನಮ್ಮ ಯಜಮಾನರೇ ಮಾತಾಡುತ್ತಾರೆ.' ಸುಸ್ತು ಇದ್ದದ್ದೇ ಅಲ್ವಾ ಸಾರ್, ಅಂತ ಅವರು ಮುಗಿಸಿಬಿಟ್ಟರೆ ಡಾಕ್ಟರು ಮುಂದಿನ ಫೈಲು ತೆಗೆಯುತ್ತಾರೆ. ಸುಸ್ತನ್ನು ಅಂಕಿಯಲ್ಲಿ ಹೇಳಬೇಕು, ಇದನ್ನು ಎಷ್ಟು ಸಲ ಬರೆದರೂ ನನಗೆ ಬೇಸರವಿಲ್ಲ. ಸೊನ್ನೆ ಅಂದರೆ ಇಲ್ಲವೇ ಇಲ್ಲ, ಹತ್ತು ಅಂದರೆ ಊಹಿಸಬಹುದಾದಷ್ಟು. ಕ್ಯಾಲೆಂಡರಿನ ಮನೆಯಲ್ಲಿ ದಿನಾ ಸಂಜೆ ಒಂದು ಅಂಕಿ ಬರೆಯಿರಿ. ನಾಲ್ಕು ಮುಟ್ಟಿದರೂ ಕಾರಣ ಹುಡುಕಬೇಕು: ರಕ್ತ, ಥೈರಾಯ್ಡ್, ನೋವು, ನಿದ್ದೆ, ಮನಸ್ಸು, ಊಟ.

ಊಟಕ್ಕೆ ಬಂದೆ, ಅಂದರೆ ನಿಮ್ಮ ಅಕ್ಕನ ಹತ್ತಿರ ಬಂದೆ. ನೀವು ಹೊಗಳಿದಷ್ಟು ನಾನು ಹೊಗಳಲಾರೆ. ವಾಟ್ಸಾಪ್ ನೋಡಿ ಹಾಲು, ಸಕ್ಕರೆ, ಮೊಟ್ಟೆ ಬಿಡಿಸಿ ಕ್ಯಾರೆಟ್-ಬೀಟ್‌ರೂಟ್ ಜ್ಯೂಸಿನ ಮೇಲೆ ಕೂರಿಸಿದ್ದು ಅವರೇ ತಾನೆ? ಬೀಟ್‌ರೂಟ್ ಕೆಂಪಗಿದೆ ಅಂತ ರಕ್ತವಾಗುವುದಿಲ್ಲ. ಸಕ್ಕರೆ ಬಿಟ್ಟರೆ ಗೆಡ್ಡೆ ಉಪವಾಸ ಬೀಳುವುದಿಲ್ಲ, ಊಟ ಸಾಲದಾದರೆ ದೇಹ ನಿಮ್ಮ ಸ್ನಾಯುವನ್ನೇ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. 54 ಕೆಜಿ ತೂಕಕ್ಕೆ ದಿನಕ್ಕೆ 65 ಗ್ರಾಂ ಆಸುಪಾಸು ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6, ಒಂದು ಲೋಟ ಹಾಲಲ್ಲಿ 6-7, ಬಟ್ಟಲು ಗಟ್ಟಿ ಬೇಳೆಯಲ್ಲಿ 7 ಗ್ರಾಂ. ಜ್ಯೂಸಿನ ಲೋಟದಲ್ಲಿ ಎರಡು ಮೂರು ಗ್ರಾಂ ಸಿಕ್ಕರೆ ಹೆಚ್ಚು. ಬಿಟ್ಟದ್ದನ್ನೆಲ್ಲ ವಾಪಸ್ ತನ್ನಿ. ಮೊಟ್ಟೆ ಪೂರ್ತಿ ಬೆಂದಿರಲಿ.

ಅತ್ತೆಯ ಬಾಯಿ ಒರಟು, ಒಪ್ಪಿದೆ. ಮಾತು ಮಾತ್ರ ಅರ್ಧ ಸರಿ. ದಿನವಿಡೀ ಮಲಗಿದರೆ ಕಾಲಿನ ಸ್ನಾಯು ಕರಗಿ, ಇವತ್ತು ಸುಲಭವಾದದ್ದು ನಾಳೆ ಭಾರವಾಗುತ್ತದೆ. ಈ ಸುಸ್ತಿಗೆ ಇರುವ ಮದ್ದುಗಳಲ್ಲಿ ನಡಿಗೆಯಷ್ಟು ಗಟ್ಟಿ ಪುರಾವೆ ಇರುವುದು ಕಡಿಮೆ. ರಕ್ತದ ರಿಪೋರ್ಟ್ ಬಂದು ಡಾಕ್ಟರು ಹೂಂ ಅಂದ ಮೇಲೆ ಅಂಗಳದಲ್ಲೇ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಮಾತಾಡಲು ಆಗುವಷ್ಟು ವೇಗದಲ್ಲಿ. ಹೋಗ್ತಾ ಹೋಗ್ತಾ ವಾರಕ್ಕೆ ಮೂರು ದಿನವಾದರೂ 30 ನಿಮಿಷ. ಚೆನ್ನಾಗಿದ್ದ ದಿನ ಮನೆಯೆಲ್ಲ ಗುಡಿಸಿ ಸಾರಿಸಿ ಮಾರನೇ ದಿನ ಬೀಳುವುದು ಬೇಡ. ಹಗಲು ನಿದ್ದೆ ಮಧ್ಯಾಹ್ನ ಮೂರರೊಳಗೆ, ಅರ್ಧ ಗಂಟೆ ಮಾತ್ರ, ಅಲಾರಂ ಇಟ್ಟುಕೊಂಡು. ತರಕಾರಿ ಹೆಚ್ಚುವುದು ಕೂತೇ.

ಅಂದಹಾಗೆ, ಡಿಗ್ರಿ ಓದುವ ಮಗ ಮನೆಯಲ್ಲೇ ಇದ್ದಾನೆ ಅಂತ ಬರೆದಿದ್ದೀರಿ. ಕಂಕುಳಿನ ಗ್ರಂಥಿ ತೆಗೆದ ಕೈಯಲ್ಲಿ ಒದ್ದೆ ಬಟ್ಟೆಯ ಬಕೆಟ್ ಹೊತ್ತು ನೀವು ಮಹಡಿ ಹತ್ತುತ್ತಿರುವುದು ಯಾವ ಲೆಕ್ಕ? ಬಕೆಟ್ ಇವತ್ತಿನಿಂದ ಅವನದು.

ಉಳಿದದ್ದೆಲ್ಲ ಆಮೇಲೆ, ಮೊದಲು ಇದೊಂದು ಮಾಡಿ. ಮುಂದಿನ ತಾರೀಖಿಗೆ ಕಾಯದೆ ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿ ರಕ್ತ ಕೊಡಿ. ಡಾಕ್ಟರ ಮುಂದೆ ನೀವೇ ಬಾಯಿ ಬಿಟ್ಟು ಎಷ್ಟನೇ ಮೆಟ್ಟಿಲಿಗೆ ಕೂತಿರಿ, ಎದೆಬಡಿತ ನಿಲ್ಲಲು ಎಷ್ಟು ಹೊತ್ತಾಯಿತು ಅಂತ ಹೇಳಿ. ಯಜಮಾನರು ಫೈಲು ಹಿಡಿದುಕೊಂಡಿರಲಿ.